ಮುಟ್ಟು ಮತ್ತು ವ್ಯಾಯಾಮ: ನಿಮ್ಮ ಮೈಯ ಲೆಕ್ಕ ನೀವೇ ಬರೆದುಕೊಳ್ಳುವುದು ಹೇಗೆ

ಮುಂಬೈಯ ಮಾಟುಂಗದ ಫೈವ್ ಗಾರ್ಡನ್ಸ್‌ನಲ್ಲಿ ಬೆಳಿಗ್ಗೆ ಆರಕ್ಕೆ ನಾವು ಏಳೆಂಟು ಜನ ಕನ್ನಡದ ಹೆಂಗಸರು ಸೇರುತ್ತೇವೆ. ಕೆಲವರು ನಡೆಯುತ್ತಾರೆ, ಕೆಲವರು ಓಡುತ್ತಾರೆ. ತಿಂಗಳಲ್ಲಿ ಮೂರು ನಾಲ್ಕು ದಿನ ಒಬ್ಬರಲ್ಲ ಒಬ್ಬರು ಬರುವುದಿಲ್ಲ. ಕೇಳಿದರೆ ಉಡುಪಿ ಕಡೆಯ ಅತ್ತಿಗೆ "ಹೊರಗೆ" ಎನ್ನುತ್ತಾರೆ. ಆಫೀಸಿಗೆ ಹೋಗುವ ಹುಡುಗಿಯರು "ಡೇಟ್ ಬಂದಿದೆ ಅಕ್ಕ" ಎನ್ನುತ್ತಾರೆ. ಪಕ್ಕದ ಮನೆಯ ಮರಾಠಿ ಗೆಳತಿಗೆ ಅದು "ಪಾಳಿ". ಹೆಸರು ಬೇರೆ, ಪ್ರಶ್ನೆಗಳು ಒಂದೇ. ಈ ದಿನಗಳಲ್ಲಿ ಓಡಬಹುದಾ? ಭಾರ ಎತ್ತಬಹುದಾ? ಹೋದ ವಾರ ಸುಲಭವಾಗಿದ್ದ ಐದು ಕಿಲೋಮೀಟರ್ ಈ ವಾರ ಯಾಕೆ ಇಷ್ಟು ಕಷ್ಟ?

ಕೆಲವು ವರ್ಷಗಳ ಹಿಂದೆ ನಾನು ಹೋಗುತ್ತಿದ್ದ ಒಂದು ಜಿಮ್‌ನಲ್ಲಿ ಬಣ್ಣಬಣ್ಣದ ಚಾರ್ಟ್ ಕೊಟ್ಟರು. ಮೊದಲ ವಾರ ವಿಶ್ರಾಂತಿ, ಎರಡನೇ ವಾರ ಭಾರ, ಮೂರನೇ ವಾರ ಓಟ, ನಾಲ್ಕನೇ ವಾರ ಯೋಗ. ನಾಲ್ಕು ತಿಂಗಳು ಅದನ್ನೇ ಪಾಲಿಸಿದೆ. ಆದರೆ ಚಾರ್ಟ್ 28 ದಿನದ್ದು, ನನ್ನ ಚಕ್ರ 33 ದಿನದ್ದು. ಮುಟ್ಟಿನ ಎರಡನೇ ದಿನ ನನಗೆ ಓಡಲು ಚೆನ್ನಾಗಿಯೇ ಇರುತ್ತದೆ. ನನ್ನನ್ನು ಕಾಡುವುದು ಮುಟ್ಟಿಗೆ ಮೊದಲಿನ ಎರಡು ದಿನ. ಚಾರ್ಟ್ ನಂಬಿ ಒಳ್ಳೆಯ ದಿನಗಳಲ್ಲಿ ಮಲಗಿದೆ, ಕೆಟ್ಟ ದಿನಗಳಲ್ಲಿ ಮೈ ಹಿಂಡಿದೆ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಚಾರ್ಟ್ ಇಲ್ಲ. ನಿಮ್ಮ ಚಾರ್ಟ್ ನೀವೇ ಮಾಡಿಕೊಳ್ಳುವ ದಾರಿ ಇದೆ.

ಹೆಜ್ಜೆ 1: ಒಂದು ಸಣ್ಣ ನೋಟ್‌ಬುಕ್ ಇಡಿ

ರಕ್ತಸ್ರಾವ ಸರಿಯಾಗಿ ಶುರುವಾದ ದಿನವೇ ಮೊದಲ ದಿನ. ಹಿಂದಿನ ದಿನ ಕಂಡ ಕಲೆ ಲೆಕ್ಕಕ್ಕಿಲ್ಲ. ಅಲ್ಲಿಂದ ಮುಂದಿನ ಮುಟ್ಟಿನ ಹಿಂದಿನ ದಿನದವರೆಗೆ ಒಂದು ಚಕ್ರ. ದೊಡ್ಡವರಲ್ಲಿ 21ರಿಂದ 35 ದಿನದ ಚಕ್ರ ಸಹಜ. ಪ್ರತಿ ತಿಂಗಳೂ ಎರಡು ಮೂರು ದಿನ ಹಿಂದೆಮುಂದೆ ಆದರೆ ಹೆದರಬೇಕಿಲ್ಲ.

ದಿನಕ್ಕೆ ಒಂದೇ ಸಾಲು ಬರೆಯಿರಿ. ಚಕ್ರದ ಎಷ್ಟನೇ ದಿನ, ರಾತ್ರಿ ನಿದ್ದೆ ಹೇಗಿತ್ತು, ಏಳುವ ಮೊದಲು ಮಲಗಿದ್ದಲ್ಲೇ ಎಣಿಸಿದ ನಾಡಿ ಬಡಿತ, ಆ ದಿನ ಮಾಡಿದ ವ್ಯಾಯಾಮ, ಅದು ಹತ್ತಕ್ಕೆ ಎಷ್ಟು ಕಷ್ಟ ಅನ್ನಿಸಿತು. ನೋವೋ ಹೊಟ್ಟೆ ಉಬ್ಬರವೋ ಇದ್ದರೆ ಅದೂ ಒಂದು ಪದದಲ್ಲಿ. ಮುಂಬೈಯಲ್ಲಿ ಇನ್ನೊಂದು ವಿಷಯ ಸೇರಿಸಲೇಬೇಕು: ಅವತ್ತಿನ ರೈಲು. ಡೊಂಬಿವಲಿಯಿಂದ ನಿಂತುಕೊಂಡೇ ಬಂದು ಹೋಗುವವಳ ಸಂಜೆಯ ಸುಸ್ತಿಗೆ ಹಾರ್ಮೋನನ್ನು ಮಾತ್ರ ದೂರಿದರೆ ತಪ್ಪಾಗುತ್ತದೆ.

ಮೂರು ಚಕ್ರ ಹೀಗೆ ಬರೆಯಿರಿ. ಅಲ್ಲಿಯವರೆಗೆ ವ್ಯಾಯಾಮದಲ್ಲಿ ದೊಡ್ಡ ಬದಲಾವಣೆ ಬೇಡ. ಆ್ಯಪ್ ಬಳಸಿದರೂ ಸರಿ. ಆದರೆ ಅದು ತೋರಿಸುವ ಅಂಡ ಬಿಡುಗಡೆಯ ದಿನ ಹಳೆಯ ತಾರೀಕುಗಳಿಂದ ಮಾಡಿದ ಅಂದಾಜು, ಅಷ್ಟೆ.

ಹೆಜ್ಜೆ 2: ಒಳಗೆ ಏನು ನಡೆಯುತ್ತದೆ ಎಂದು ತಿಳಿದುಕೊಳ್ಳಿ

ಮುಟ್ಟಿನ ಮೊದಲ ದಿನಗಳಲ್ಲಿ ಈಸ್ಟ್ರೋಜೆನ್, ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳೆರಡೂ ಕೆಳಮಟ್ಟದಲ್ಲಿರುತ್ತವೆ. ನಂತರ ಈಸ್ಟ್ರೋಜೆನ್ ಏರುತ್ತಾ ಹೋಗಿ, ಅಂಡ ಬಿಡುಗಡೆಯ ಸ್ವಲ್ಪ ಮೊದಲು ತುದಿ ಮುಟ್ಟುತ್ತದೆ. ಆಗ ಎಲ್‌ಎಚ್ ಎಂಬ ಹಾರ್ಮೋನ್ ಒಮ್ಮೆಲೇ ಉಕ್ಕುತ್ತದೆ. ಅದಾಗಿ ಒಂದೂವರೆ ದಿನದೊಳಗೆ ಅಂಡ ಹೊರಬರುತ್ತದೆ. ಆಮೇಲೆ ಪ್ರೊಜೆಸ್ಟರಾನ್ ಸರದಿ. ಅದು ಏರುತ್ತದೆ, ಜೊತೆಗೆ ಈಸ್ಟ್ರೋಜೆನ್ ಕೂಡ ಎರಡನೇ ಬಾರಿ ಸ್ವಲ್ಪ ಏರುತ್ತದೆ. ಗರ್ಭ ನಿಲ್ಲದಿದ್ದರೆ ಎರಡೂ ಇಳಿದು ಮತ್ತೆ ಮುಟ್ಟು.

ಒಂದು ವಿಷಯ ನೆನಪಿಡಿ. ಅಂಡ ಬಿಡುಗಡೆಯಿಂದ ಮುಂದಿನ ಮುಟ್ಟಿನವರೆಗಿನ ಅವಧಿ ಹೆಚ್ಚಿನವರಲ್ಲಿ ಎರಡು ವಾರದ ಆಸುಪಾಸು. ಚಕ್ರ ಉದ್ದವಾದರೆ ಸಾಮಾನ್ಯವಾಗಿ ಉದ್ದವಾಗುವುದು ಮೊದಲರ್ಧ. ನನ್ನ 33 ದಿನದ ಚಕ್ರದಲ್ಲಿ ಅಂಡ ಬಿಡುಗಡೆ 19ನೇ ದಿನದ ಹೊತ್ತಿಗೆ ಆಗುತ್ತದೆ, 14ನೇ ದಿನ ಅಲ್ಲ. ನನ್ನ ಚಾರ್ಟ್ ಎಡವಿದ್ದು ಇಲ್ಲಿಯೇ.

ಈ ಏರಿಳಿತ ವ್ಯಾಯಾಮವನ್ನು ಹೇಗೆ ಮುಟ್ಟುತ್ತದೆ? ಈಸ್ಟ್ರೋಜೆನ್ ಇದ್ದಾಗ ಮೈ ಕೊಬ್ಬನ್ನು ಸ್ವಲ್ಪ ಜಾಸ್ತಿ ಉರಿಸುತ್ತದೆ, ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆಯನ್ನು ಸ್ವಲ್ಪ ಉಳಿಸುತ್ತದೆ. ಪ್ರೊಜೆಸ್ಟರಾನ್ ಉಸಿರಾಟವನ್ನು ಚುರುಕು ಮಾಡುತ್ತದೆ. ಹಾಗಾಗಿ ಎರಡನೇ ಅರ್ಧದಲ್ಲಿ ಅದೇ ಓಟಕ್ಕೆ ಏದುಸಿರು ಬೇಗ ಬಂದಂತೆ ಅನ್ನಿಸಬಹುದು. ಬೆಳಗಿನ ನಾಡಿ ಎರಡು ಮೂರು ಬಡಿತ ಹೆಚ್ಚಿರುತ್ತದೆ. ಮೈಯ ಬಿಸಿ 0.3ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರುತ್ತದೆ.

ಇಷ್ಟೆಲ್ಲ ಬದಲಾದರೂ ಕೈಗೆ ಬರುವ ಫಲಿತಾಂಶ ಎಷ್ಟು ಬದಲಾಗುತ್ತದೆ? 2020ರಲ್ಲಿ ಸಂಶೋಧಕರು 78 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸರಾಸರಿಯಲ್ಲಿ ಮುಟ್ಟಿನ ಮೊದಲ ದಿನಗಳಲ್ಲಿ ಸಾಮರ್ಥ್ಯ ತೀರಾ ಸ್ವಲ್ಪ ಕಡಿಮೆ ಕಂಡಿತು. ಒಬ್ಬೊಬ್ಬರಲ್ಲಿ ಒಂದೊಂದು ಬಗೆ, ಎಲ್ಲರಿಗೂ ಒಂದೇ ಸಲಹೆ ಕೊಡಲು ಆಗದು ಎಂಬುದು ಅವರ ತೀರ್ಮಾನ. ಸರಾಸರಿ ಚಿಕ್ಕದು ಎಂದ ಮಾತ್ರಕ್ಕೆ ನಿಮ್ಮದೂ ಚಿಕ್ಕದು ಎಂದಲ್ಲ. ಬ್ರಿಟನ್ನಿನ ಓಟಗಾರ್ತಿ ಪೌಲಾ ರ್‍ಯಾಡ್‌ಕ್ಲಿಫ್ 2002ರಲ್ಲಿ ಶಿಕಾಗೊ ಮ್ಯಾರಥಾನಿನಲ್ಲಿ ವಿಶ್ವದಾಖಲೆ ಮಾಡಿದ್ದು ಮುಟ್ಟಿನ ನೋವಿನ ನಡುವೆಯೇ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ವೇಟ್‌ಲಿಫ್ಟರ್ ಮೀರಾಬಾಯಿ ಚಾನು ಒಂದೇ ಒಂದು ಕಿಲೋ ಅಂತರದಲ್ಲಿ ಕಂಚು ತಪ್ಪಿಸಿಕೊಂಡರು. ಅವತ್ತು ಮುಟ್ಟಿನ ಮೂರನೇ ದಿನ, ಮೈಯಲ್ಲಿ ನಿಶ್ಶಕ್ತಿ ಇತ್ತು ಎಂದು ಆಮೇಲೆ ಹೇಳಿದರು. ಎರಡೂ ನಿಜ. ನಮ್ಮ ದೇಶದ ಆಟಗಾರ್ತಿಯೊಬ್ಬರು ಕ್ಯಾಮೆರಾದ ಮುಂದೆ ಮುಚ್ಚುಮರೆ ಇಲ್ಲದೆ ಅದನ್ನು ಹೇಳಿದ್ದು ನನಗೆ ಪದಕದಷ್ಟೇ ದೊಡ್ಡದಾಗಿ ಕಂಡಿತು.

ಹೆಜ್ಜೆ 3: ಅಂಡ ಬಿಡುಗಡೆಯ ದಿನ ಗುರುತಿಸಿ

ಇದಕ್ಕೆ ಎರಡು ದಾರಿ. ಒಂದು, ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ, ಹಾಸಿಗೆಯಿಂದ ಏಳುವ ಮುಂಚೆ, ನಾಲಿಗೆ ಕೆಳಗೆ ಥರ್ಮಾಮೀಟರ್ ಇಟ್ಟು ಬಿಸಿ ಬರೆದುಕೊಳ್ಳುವುದು. ಸತತ ಮೂರು ದಿನ ಹಿಂದಿನ ವಾರಕ್ಕಿಂತ ಏರಿದ್ದರೆ ಅಂಡ ಬಿಡುಗಡೆ ಆಗಿದೆ ಎಂದು ಅರ್ಥ. ಇನ್ನೊಂದು, ಮೆಡಿಕಲ್ ಅಂಗಡಿಯಲ್ಲಿ ಸಿಗುವ ಮೂತ್ರ ಪರೀಕ್ಷೆಯ ಪಟ್ಟಿ. ಅದು ಎಲ್‌ಎಚ್ ಉಕ್ಕಿದ್ದನ್ನು ಮೊದಲೇ ಹೇಳುತ್ತದೆ. ಪಿಸಿಒಎಸ್ (ಹಾರ್ಮೋನ್ ಏರುಪೇರಿನಿಂದ ಮುಟ್ಟು ಕ್ರಮ ತಪ್ಪುವ ತೊಂದರೆ) ಇರುವವರಲ್ಲಿ ಈ ಪಟ್ಟಿ ತಪ್ಪು ತೋರಿಸುವುದುಂಟು. ಎರಡೂ ಬೇಡ ಎನ್ನುವವರು ಮುಂದಿನ ಮುಟ್ಟು ಬಂದ ಮೇಲೆ ಹದಿನಾಲ್ಕು ದಿನ ಹಿಂದಕ್ಕೆ ಎಣಿಸಿದರೂ ಸಾಕು. ನಮಗೆ ಬೇಕಿರುವುದು ಅಂದಾಜು.

ಹೆಜ್ಜೆ 4: ಮುಟ್ಟಿನ ಮೊದಲೆರಡು ದಿನ ಏನು ಮಾಡಬೇಕು

ಕಿಬ್ಬೊಟ್ಟೆ ಹಿಂಡುವುದು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳಿಂದ. ಗರ್ಭಕೋಶದ ಒಳಪದರ ಕಳಚುವಾಗ ಅವು ಹುಟ್ಟುತ್ತವೆ, ಗರ್ಭಕೋಶವನ್ನು ಬಿಗಿ ಹಿಡಿಯುತ್ತವೆ. ಅವೇ ಕರುಳನ್ನೂ ತಟ್ಟುವುದರಿಂದ ಆ ದಿನಗಳಲ್ಲಿ ಕೆಲವರಿಗೆ ಭೇದಿ ಆಗುತ್ತದೆ. ಓಡುವವರಿಗೆ ಇದು ಗೊತ್ತಿರಬೇಕು, ಶೌಚಾಲಯ ಇರುವ ದಾರಿಯಲ್ಲೇ ಓಡಿ.

ಸುಮ್ನೆ ಮಲಗುವುದಕ್ಕಿಂತ ಮೆಲ್ಲಗೆ ಮೈ ಆಡಿಸಿದರೆ ನೋವು ಕಡಿಮೆ ಎಂದು ಬಹಳ ಜನರಿಗೆ ಅನುಭವ. ಸಂಶೋಧನೆಯೂ ಅದರ ಪರವಾಗಿದೆ. ವಾರಕ್ಕೆ ಮೂರು ದಿನ, 45ರಿಂದ 60 ನಿಮಿಷ ವ್ಯಾಯಾಮ ಮಾಡುವವರಲ್ಲಿ ಮುಟ್ಟಿನ ನೋವು ಇಳಿದದ್ದು ಕಂಡಿದೆ. ಗಮನಿಸಿ, ಇದು ತಿಂಗಳಿಡೀ ಮಾಡುವ ವ್ಯಾಯಾಮದ ಫಲ. ನೋವು ಬಂದ ದಿನ ಮಾತ್ರ ಶೂ ಹಾಕಿಕೊಂಡರೆ ಅಷ್ಟು ಸಿಗುವುದಿಲ್ಲ.

ನಾನು ಹೇಳಿಕೊಡುವುದು ಹತ್ತು ನಿಮಿಷದ ನಿಯಮ. ಮನೆಯಿಂದ ಹೊರಡಿ, ಹತ್ತು ನಿಮಿಷ ನಡೆಯಿರಿ. ಹಗುರ ಅನ್ನಿಸಿದರೆ ಅವತ್ತಿನ ವ್ಯಾಯಾಮ ಪೂರ್ತಿ ಮಾಡಿ. ಹಾಗೇ ಇದ್ದರೆ ನಡಿಗೆಯಲ್ಲೇ ಮುಗಿಸಿ. ಹೆಚ್ಚಾದರೆ ಮನೆಗೆ ಬಂದು ಹೊಟ್ಟೆಗೆ ಬಿಸಿನೀರಿನ ಚೀಲ ಇಟ್ಟುಕೊಳ್ಳಿ, ಅಪರಾಧ ಮಾಡಿದ ಹಾಗೆ ಕೊರಗಬೇಡಿ.

ಐಬುಪ್ರೊಫೇನ್, ಮೆಫೆನಮಿಕ್ ಆಸಿಡ್‌ನಂಥ ಮಾತ್ರೆಗಳು ಪ್ರೊಸ್ಟಗ್ಲಾಂಡಿನನ್ನೇ ತಗ್ಗಿಸುತ್ತವೆ. ಅದಕ್ಕೇ ನೋವು ಶುರುವಾಗುವಾಗಲೇ ತೆಗೆದುಕೊಂಡರೆ ಕೆಲಸ ಮಾಡುವುದು ಜಾಸ್ತಿ. ಖಾಲಿ ಹೊಟ್ಟೆಯಲ್ಲಿ ಬೇಡ. ಹೊಟ್ಟೆಹುಣ್ಣು, ಅಸ್ತಮಾ, ಮೂತ್ರಪಿಂಡದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಇವನ್ನು ನುಂಗಿ ಸೆಕೆಯಲ್ಲಿ ದೂರ ಓಡುವುದಂತೂ ಬೇಡವೇ ಬೇಡ. ನೀರು ಕಡಿಮೆಯಾದ ಮೈಯಲ್ಲಿ ಮೂತ್ರಪಿಂಡಕ್ಕೆ ಅದು ದೊಡ್ಡ ಹೊರೆ.

ಮುಟ್ಟಿನಲ್ಲಿ ತಲೆಕೆಳಗಿನ ಆಸನ ಮಾಡಿದರೆ ರಕ್ತ ಒಳಗೆ ಹೋಗುತ್ತದೆ ಎಂದು ಕೇಳಿರುತ್ತೀರಿ, ಅಲ್ವಾ? ಅದರಿಂದ ಹಾನಿ ಆಗುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ಹಿತ ಅನ್ನಿಸಿದರೆ ಮಾಡಿ, ಇಲ್ಲದಿದ್ದರೆ ಬಿಡಿ. ಮನೆಯ ಪದ್ಧತಿ ಪಾಲಿಸುವವರು ದೇವರ ಕೋಣೆಯಿಂದ ದೂರ ಇರಲಿ, ಅದು ಅವರ ನಂಬಿಕೆ. ಮೈದಾನದಿಂದ ದೂರ ಇರಿ ಎಂದು ಮೈಯಂತೂ ಹೇಳುವುದಿಲ್ಲ.

ಹೆಜ್ಜೆ 5: ಎರಡನೇ ಅರ್ಧದಲ್ಲಿ ಮುಂಬೈಯ ಸೆಕೆಯನ್ನು ಲೆಕ್ಕಕ್ಕೆ ಹಿಡಿಯಿರಿ

ಬೇರೆ ಊರಿನವರು ಬರೆದ ಸಲಹೆಗಳಲ್ಲಿ ನಮಗೆ ಕೊರತೆ ಅನ್ನಿಸುವುದು ಈ ಭಾಗ. ಅಂಡ ಬಿಡುಗಡೆಯ ನಂತರ ಮೈ ಮೊದಲೇ ಅರೆ ಡಿಗ್ರಿಯಷ್ಟು ಬಿಸಿ. ಬೆವರು ಶುರುವಾಗಲು ಮೈ ಇನ್ನೂ ಹೆಚ್ಚು ಬಿಸಿಯಾಗಬೇಕು. ಅದರ ಮೇಲೆ ಈ ಊರಿನ ಹವೆ. ಬೆವರು ಆರಿದರೆ ತಾನೇ ಮೈ ತಂಪಾಗುವುದು? ಮೇ ತಿಂಗಳಲ್ಲಿ, ಮಳೆ ನಿಂತ ಅಕ್ಟೋಬರಿನಲ್ಲಿ ಇಲ್ಲಿ ಬೆವರು ಆರುವುದೇ ಇಲ್ಲ, ಸುರಿಯುತ್ತದೆ. ಬಿಸಿಯೂ ತೇವವೂ ಇರುವ ಹವೆಯಲ್ಲಿ ನಡೆಸಿದ ಪರೀಕ್ಷೆಯೊಂದರಲ್ಲಿ ಹೆಂಗಸರು ಚಕ್ರದ ಎರಡನೇ ಅರ್ಧದಲ್ಲಿ ಬೇಗ ದಣಿದರು. ತಂಪು ಹವೆಯಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಅಂದರೆ ಬೆಂಗಳೂರಿನ ಜನವರಿಯಲ್ಲಿ ನಿಮ್ಮ ತಂಗಿಗೆ ತಿಳಿಯದೇ ಹೋಗುವ ಬದಲಾವಣೆ ಇಲ್ಲಿ ನಿಮಗೆ ಚೆನ್ನಾಗಿ ತಿಳಿಯಬಹುದು.

ಹಾಗಾಗಿ ಆ ಎರಡು ವಾರ ಇಷ್ಟು ಮಾಡಿ. ದೂರದ ಓಟವನ್ನು ಐದೂವರೆಗೇ ಶುರು ಮಾಡಿ. ಗಡಿಯಾರದ ವೇಗ ನೋಡಬೇಡಿ, ಹತ್ತಕ್ಕೆ ಎಷ್ಟು ಕಷ್ಟ ಎಂಬುದನ್ನು ನೋಡಿ. ಕಿಲೋಮೀಟರಿಗೆ ಇಪ್ಪತ್ತು ಮೂವತ್ತು ಸೆಕೆಂಡ್ ನಿಧಾನವಾದರೆ ಆಗಲಿ. ಶಿವಾಜಿ ಪಾರ್ಕ್ ನನಗೆ ಇದಕ್ಕೇ ಇಷ್ಟ. ಕಟ್ಟೆಯ ಸುತ್ತ ಒಂದು ಸುತ್ತಿಗೆ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ, ಪ್ರತಿ ಸುತ್ತಿಗೂ ಬಾಟಲಿ ಇಟ್ಟ ಜಾಗಕ್ಕೇ ವಾಪಸ್ ಬರುತ್ತೀರಿ. ಒಂದು ಗಂಟೆ ದಾಟಿದರೆ ಬರೀ ನೀರು ಸಾಲದು. ನಿಂಬೆಹಣ್ಣಿನ ನೀರಿಗೆ ಉಪ್ಪು ಸಕ್ಕರೆ ಹಾಕಿಕೊಳ್ಳಿ. ಬಿಪಿ ಇರುವವರು ಉಪ್ಪಿನ ವಿಷಯ ಡಾಕ್ಟರನ್ನು ಕೇಳಿ. ತಲೆ ತಿರುಗಿದರೆ, ಸೆಕೆಯಲ್ಲೂ ಚಳಿ ಹತ್ತಿದರೆ ಅಲ್ಲೇ ನಿಲ್ಲಿ, ನೆರಳಿಗೆ ಹೋಗಿ, ಮೈಮೇಲೆ ನೀರು ಸುರಿದುಕೊಳ್ಳಿ.

ಇದೇ ದಿನಗಳಲ್ಲಿ ಹಸಿವು ಹೆಚ್ಚುತ್ತದೆ. ಮೈ ಕೇಳಿದರೆ ಕೊಡಿ. ಪ್ರೊಜೆಸ್ಟರಾನ್ ಹೆಚ್ಚಿರುವಾಗ ಪ್ರೋಟೀನ್ ಸವೆಯುವುದೂ ಸ್ವಲ್ಪ ಹೆಚ್ಚು. ಹೆಸರುಬೇಳೆ ದೋಸೆ, ಮೊಸರು, ಮೊಟ್ಟೆ, ಮೀನು, ಯಾವುದು ಒಗ್ಗುತ್ತದೋ ಅದು. ಸಂಕಷ್ಟಿ ಉಪವಾಸ ಮಾಡುವವರು ಅವತ್ತು ದೂರದ ಓಟ ಇಟ್ಟುಕೊಳ್ಳಬೇಡಿ, ಮರುದಿನಕ್ಕೆ ಹಾಕಿ.

ಹೆಜ್ಜೆ 6: ಭಾರ ಎತ್ತುವುದನ್ನು ಚಕ್ರಕ್ಕೆ ಕಟ್ಟಿಹಾಕಬೇಡಿ

ಮೊದಲರ್ಧದಲ್ಲೇ ಭಾರ ಎತ್ತಿದರೆ ಸ್ನಾಯು ಜಾಸ್ತಿ ಬೆಳೆಯುತ್ತದೆ ಎಂಬ ಮಾತು ಬಹಳ ಓಡುತ್ತಿದೆ. ಅದಕ್ಕೆ ಗಟ್ಟಿ ಆಧಾರ ಇಲ್ಲ. ವಾರಕ್ಕೆ ಎರಡು ದಿನ, ತಿಂಗಳಿಡೀ ಎತ್ತಿ. ಒಳ್ಳೆಯ ದಿನ ಭಾರ ಏರಿಸಿ, ಕೆಟ್ಟ ದಿನ ಒಂದು ಸೆಟ್ ಇಳಿಸಿ. ಕನ್ನಡ ಸಂಘದಲ್ಲಿ ಥ್ರೋಬಾಲ್ ಆಡುವವರಿಗೆ ಮೊಣಕಾಲಿನ ಚಿಂತೆ ಇರುತ್ತದೆ. ಹೆಂಗಸರಲ್ಲಿ ಮೊಣಕಾಲಿನ ಒಳಗಿನ ಎಸಿಎಲ್ ತಂತು ಹರಿಯುವುದು ಗಂಡಸರಿಗಿಂತ ಹೆಚ್ಚು ಎಂಬುದು ನಿಜ. ಆದರೆ ಅದಕ್ಕೆ ಚಕ್ರದ ಯಾವುದೋ ಒಂದು ವಾರ ಕಾರಣ ಎಂದು ಖಚಿತವಾಗಿಲ್ಲ. ಆಡುವ ಮುಂಚೆ ಹದಿನೈದು ನಿಮಿಷ ವಾರ್ಮ್ ಅಪ್ ಮಾಡಿ, ಜಿಗಿದು ಇಳಿಯುವಾಗ ಮೊಣಕಾಲು ಒಳಗೆ ಬಾಗದಂತೆ ಅಭ್ಯಾಸ ಮಾಡಿ. ಅದು ಎಲ್ಲ ದಿನಗಳಲ್ಲೂ ಕಾಪಾಡುತ್ತದೆ.

ಹೆಜ್ಜೆ 7: ರಕ್ತ ಪರೀಕ್ಷೆ ಮಾಡಿಸಿ

ಈ ಬರಹದಲ್ಲಿ ಒಂದೇ ಹೆಜ್ಜೆ ಪಾಲಿಸಲು ಸಾಧ್ಯ ಎಂದರೆ ಇದನ್ನೇ ಪಾಲಿಸಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ. "ನನ್ನ ಹಾರ್ಮೋನ್ ಸರಿಯಿಲ್ಲ, ಎರಡು ಮಹಡಿ ಹತ್ತಿದರೆ ಉಸಿರು ಸಿಕ್ಕಿಕೊಳ್ಳುತ್ತದೆ" ಎನ್ನುತ್ತಿದ್ದ ನಮ್ಮ ಗುಂಪಿನ ಗೆಳತಿಯ ಹಿಮೋಗ್ಲೋಬಿನ್ 9 ಇತ್ತು. ಆರು ತಿಂಗಳು ತನ್ನನ್ನು ಸೋಮಾರಿ ಎಂದು ಬೈದುಕೊಂಡಿದ್ದಳು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಒಂದು ಮುಟ್ಟಿನಲ್ಲಿ ಸಾಧಾರಣವಾಗಿ 30ರಿಂದ 40 ಮಿಲಿಲೀಟರ್ ರಕ್ತ ಹೋಗುತ್ತದೆ. ಪ್ರತಿ ಮಿಲಿಲೀಟರ್ ಜೊತೆ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ. 80 ಮಿಲಿಲೀಟರ್ ದಾಟಿದರೆ ಅದು ಅತಿಸ್ರಾವ. ಅಳೆಯಲು ಆಗುವುದಿಲ್ಲ, ಹಾಗಾಗಿ ಈ ಗುರುತುಗಳನ್ನು ನೋಡಿ: ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ತುಂಬುವುದು, ಏಳು ದಿನ ದಾಟುವುದು, ಹತ್ತು ರೂಪಾಯಿ ನಾಣ್ಯದಷ್ಟು ದೊಡ್ಡ ಹೆಪ್ಪು ಬರುವುದು.

ಹಿಮೋಗ್ಲೋಬಿನ್ ಜೊತೆ, ಮೈಯಲ್ಲಿ ಕೂಡಿಟ್ಟ ಕಬ್ಬಿಣವನ್ನು ತೋರಿಸುವ ಫೆರಿಟಿನ್ ಪರೀಕ್ಷೆಯನ್ನೂ ಕೇಳಿ. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ಅದು ಸರಿಯಿದ್ದೂ ಫೆರಿಟಿನ್ 30ಕ್ಕಿಂತ ಕಡಿಮೆ ಇದ್ದರೆ ಕೂಡಿಟ್ಟ ಕಬ್ಬಿಣ ಖಾಲಿಯಾಗುತ್ತಿದೆ, ಓಟ ಭಾರವಾಗಲು ಅಷ್ಟೇ ಸಾಕು. ಜ್ವರ ಬಂದಾಗ ಫೆರಿಟಿನ್ ಸುಳ್ಳಾಗಿ ಏರುತ್ತದೆ, ಆಗ ಮಾಡಿಸಬೇಡಿ. ಮಾತ್ರೆ ಎಷ್ಟು, ಎಷ್ಟು ದಿನ ಎಂಬುದನ್ನು ಡಾಕ್ಟರ್ ಹೇಳಲಿ.

ಊಟದಲ್ಲಿ ಹುರುಳಿ ಸಾರು, ಹರಿವೆ ಸೊಪ್ಪು, ಅಲಸಂಡೆ ಕಾಳು. ಮೀನು ತಿನ್ನುವವರಿಗೆ ಮರುವಾಯಿ ಇದೆ, ದಾದರ್ ಮಾರುಕಟ್ಟೆಯ ಮೀನುಗಾರ್ತಿಯನ್ನು ತಿಸ್ರ್ಯಾ ಎಂದು ಕೇಳಿದರೆ ಅದನ್ನೇ ಕೊಡುತ್ತಾರೆ. ಅದರಲ್ಲಿ ಕಬ್ಬಿಣ ಚೆನ್ನಾಗಿದೆ, ಮೈಗೆ ಬೇಗ ಹತ್ತುತ್ತದೆ. ಕಾಳು ಸೊಪ್ಪಿನ ಮೇಲೆ ನಿಂಬೆ ಹಿಂಡಿ. ಚಹಾ ಕಾಫಿ ಊಟಕ್ಕೆ ಒಂದು ಗಂಟೆ ಹಿಂದೋ ಮುಂದೋ ಇರಲಿ, ಏಕೆಂದರೆ ಅವು ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ತಿಂಡಿ ಜೊತೆಗೇ ಫಿಲ್ಟರ್ ಕಾಫಿ ಕುಡಿದು ಬೆಳೆದ ನಮಗೆ ಇದು ಕಷ್ಟ, ಆದರೂ ಪ್ರಯತ್ನಿಸಿ.

ಹೆಜ್ಜೆ 8: ಮುಟ್ಟು ನಿಂತರೆ ಖುಷಿ ಪಡಬೇಡಿ

ಓಟ ಹೆಚ್ಚು ಮಾಡಿ ಊಟ ಕಡಿಮೆ ಮಾಡಿದರೆ ಮೈ ಮೊದಲು ಉಳಿಸುವ ಖರ್ಚು ಮುಟ್ಟು. "ಮೂರು ತಿಂಗಳಿಂದ ಬಂದಿಲ್ಲ, ಆರಾಮಾಗಿದೆ" ಎಂದು ಒಬ್ಬ ಹುಡುಗಿ ನಗುತ್ತಾ ಹೇಳಿದ್ದಳು. ಅದು ಆರಾಮಲ್ಲ. ಈಸ್ಟ್ರೋಜೆನ್ ಬತ್ತಿದರೆ ಮೂಳೆ ಸವೆಯುತ್ತದೆ, ಕಾಲಿನ ಮೂಳೆಯಲ್ಲಿ ಬಿರುಕು ಬಿಡುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ ರೆಡ್-ಎಸ್ ಎಂದು ಹೆಸರಿಟ್ಟಿತು. ಶ್ರಮಕ್ಕೆ ತಕ್ಕ ಊಟ ಇಲ್ಲದಿರುವುದು ಇದರ ಮೂಲ. ಮೂರು ತಿಂಗಳು ಮುಟ್ಟು ಬರದಿದ್ದರೆ ಮೊದಲು ಗರ್ಭ ಪರೀಕ್ಷೆ, ಆಮೇಲೆ ಸ್ತ್ರೀರೋಗ ತಜ್ಞರು. ಚಕ್ರ 21ಕ್ಕಿಂತ ಕಡಿಮೆಯಾದರೆ, 35 ದಾಟುತ್ತಲೇ ಇದ್ದರೆ, ನಡುವೆ ರಕ್ತ ಕಂಡರೆ, ಮಾತ್ರೆಗೂ ಬಗ್ಗದ ನೋವಿದ್ದರೆ ಕೂಡ ತೋರಿಸಿ.

ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಿಗೆ ಮೇಲಿನ ಏರಿಳಿತ ಅನ್ವಯಿಸುವುದಿಲ್ಲ. ಅವರ ಹಾರ್ಮೋನ್ ಮಟ್ಟ ಬೇರೆ, ಮಾತ್ರೆ ನಿಲ್ಲಿಸಿದ ವಾರದ ರಕ್ತ ನಿಜವಾದ ಮುಟ್ಟೂ ಅಲ್ಲ. ನಲವತ್ತು ದಾಟಿ ಚಕ್ರ ಏರುಪೇರಾದವರು ದಿನ ಎಣಿಸುವುದಕ್ಕಿಂತ ನಿದ್ದೆ ಮತ್ತು ನಾಡಿಯನ್ನೇ ನಂಬಿ.

ಹೆಜ್ಜೆ 9: ನೋಟ್‌ಬುಕ್ ಓದಿ, ಒಂದೊಂದೇ ಬದಲಿಸಿ

ಮೂರು ಚಕ್ರದ ಪುಟಗಳನ್ನು ಪಕ್ಕಪಕ್ಕ ಇಡಿ. ಹತ್ತಕ್ಕೆ ಏಳಕ್ಕಿಂತ ಹೆಚ್ಚು ಕಷ್ಟ ಎಂದು ಬರೆದ ದಿನಗಳಿಗೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ. ಮೂರರಲ್ಲಿ ಎರಡು ತಿಂಗಳಾದರೂ ಅದೇ ಜಾಗದಲ್ಲಿ ಕೆಂಪು ಬಿದ್ದಿದ್ದರೆ ಅದು ನಿಮ್ಮ ಚಕ್ರ. ಎಲ್ಲೆಂದರಲ್ಲಿ ಬಿದ್ದಿದ್ದರೆ ನಿದ್ದೆ, ರೈಲು, ಊಟ ನೋಡಿ. ಮುಂದಿನ ತಿಂಗಳು ಒಂದೇ ಒಂದು ಬದಲಾವಣೆ ಮಾಡಿ. ಎರಡು ಮಾಡಿದರೆ ಯಾವುದರಿಂದ ಅನುಕೂಲವಾಯಿತು ಎಂದು ತಿಳಿಯುವುದಿಲ್ಲ.

ಜನವರಿಯ ಮೂರನೇ ಭಾನುವಾರದ ಮುಂಬೈ ಮ್ಯಾರಥಾನಿಗೆ ಹೆಸರು ಕೊಟ್ಟವರು ಅಕ್ಟೋಬರಿನಿಂದಲೇ ಎಣಿಸಿ ನೋಡಿ, ಆ ದಿನ ಚಕ್ರದ ಎಷ್ಟನೇ ದಿನ ಬೀಳಬಹುದು ಎಂದು. ಮೊದಲ ದಿನ ಬೀಳುವಂತಿದ್ದರೆ ಡಿಸೆಂಬರಿನ ಮುಟ್ಟಿನ ಮೊದಲ ದಿನವೇ ಒಂದು ದೂರದ ಓಟ ಓಡಿ ನೋಡಿ. ಹೊಸ ಪ್ಯಾಡ್, ಹೊಸ ಕಪ್ ಯಾವುದನ್ನೂ ರೇಸಿನ ದಿನ ಮೊದಲ ಬಾರಿ ಬಳಸಬೇಡಿ. ತೊಡೆಸಂದಿಗೆ ವ್ಯಾಸಲಿನ್ ಹಚ್ಚಿ, ಕಪ್ಪು ಟೈಟ್ಸ್ ಹಾಕಿ, ಒಂದು ಪ್ಯಾಡ್ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೊಂಟದ ಚೀಲದಲ್ಲಿಡಿ. ಪೂಜೆಗೆಂದು ಮುಂದೂಡುವ ಮಾತ್ರೆಯನ್ನು ರೇಸಿಗೆಂದೂ ನುಂಗುವವರಿದ್ದಾರೆ. ಅದರಿಂದ ಕೆಲವರಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ, ಡಾಕ್ಟರ್ ಚೀಟಿ ಇಲ್ಲದೆ ಬೇಡ.

ನನ್ನ ನೋಟ್‌ಬುಕ್ಕಿನಲ್ಲಿ ಕೆಂಪು ಬಿದ್ದದ್ದು 32 ಮತ್ತು 33ನೇ ದಿನ. ಈಗ ಆ ಎರಡು ಬೆಳಿಗ್ಗೆ ನಾನು ಓಡುವುದಿಲ್ಲ. ಫೈವ್ ಗಾರ್ಡನ್ಸ್‌ನಲ್ಲಿ ಅತ್ತಿಗೆಯ ಜೊತೆ ನಡೆಯುತ್ತೇನೆ. ಮೂರನೇ ಬೆಳಿಗ್ಗೆ ಮುಟ್ಟು ಬಂದಿದ್ದರೂ ಶಿವಾಜಿ ಪಾರ್ಕಿನಲ್ಲಿ ಆರು ಸುತ್ತು.